ಸಾವ್ಕಾರರ ಮೋಟಾರಿನ ಬೆಂಕಿ ಪಿಚಕಾರಿ

ಹೊಸದಾಗಿ ಗ್ಯಾರೇಜ್ ಕೆಲಸಕ್ಕೆ ಸೇರಿದವರು ಆಗಾಗ ನನ್ನ ಮನೆಗೆ ಬಂದು, "ಅಜ್ಜಾರ, ಗಾಡ್ಯಾಗ ಬೆಂಕಿ ಆರಸೂ ಸಿಲಿಂಡರ್ ಕೂಡಸೂದು ಹೆಂಗ, ಒಂದೀಟು ಹೇಳ್ರಲಾ" ಎಂದು ಕೇಳುತ್ತಾರೆ. ಎರಡು ಸ್ಕ್ರೂ ಬಿಗಿದರೆ ಮುಗಿಯುವ ಕೆಲಸ, ಈ ಮುದುಕ ಸುಮ್ಮನೆ ದೊಡ್ಡದು ಮಾಡುತ್ತಾನೆ ಎಂದು ಅವರಿಗೆ ಒಳಗೊಳಗೇ ಅನಿಸಿರುತ್ತದೆ. ಮುಖ ನೋಡಿದರೇ ತಿಳಿಯುತ್ತದೆ. ನಾನು ಒಂದು ಸಿಲಿಂಡರನ್ನು ಕೈಗೆ ಕೊಟ್ಟು "ಇದು ಛಲೋ ಐತೇನು ನೋಡು" ಎನ್ನುತ್ತೇನೆ. ಅವರು ಅದರ ಒತ್ತಡ ತೋರಿಸುವ ಮುಳ್ಳು ನೋಡುತ್ತಾರೆ. ಮುಳ್ಳು ಹಸಿರಿನಲ್ಲಿ ನಿಂತಿದ್ದರೆ "ಛಲೋ ಐತ್ರಿ" ಎಂದು ಕೆಳಗಿಡುತ್ತಾರೆ. ಮುಳ್ಳೇ ಸಿಕ್ಕಿಕೊಂಡಿರಬಹುದು, ಒಳಗಿನ ಪುಡಿ ಗಡ್ಡೆಕಟ್ಟಿರಬಹುದು, ಯಾರೋ ಮೊದಲೇ ಬಳಸಿ ಬಣ್ಣ ಹಚ್ಚಿ ಮಾರಿರಬಹುದು, ಇದ್ಯಾವುದೂ ಅವರ ತಲೆಗೆ ಬರುವುದಿಲ್ಲ. ನನಗೆ ಮೊದಲು ಬರುವುದೇ ಅದು. ಮನೆಯಲ್ಲಿ ಹಾಲು ಕೊಟ್ಟರೂ ಮೂಸಿ ನೋಡಿ ಕುಡಿಯುವ ಮನುಷ್ಯ ನಾನು. ಇದಕ್ಕಾಗಿ ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುತ್ತಲೇ ಬಂದಿದ್ದೇನೆ.

ಆದರೆ ಈ ಸಂಶಯ ಹುಟ್ಟಿನಿಂದ ಬಂದದ್ದಲ್ಲ, ಕೆಲಸ ಕಲಿಸಿದ್ದು. ನಾನು ಜಮಖಂಡಿಯ ಗ್ಯಾರೇಜೊಂದಕ್ಕೆ ಸೇರಿದಾಗ ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದ ಕೆಳಗೆ ಬಂದಿದ್ದೆವು. ದಾರೂಬಂದಿ, ಅಂದರೆ ಪಾನನಿಷೇಧ, ಬಿಗಿಯಾಗಿತ್ತು. ರಸ್ತೆಯ ಮೇಲೆ ಹೋಗುವ ಪ್ರತಿ ಡಬ್ಬಿ, ಪ್ರತಿ ಬಾಟಲಿಯ ಮೇಲೂ ಪೊಲೀಸರ ಕಣ್ಣು. ಆಗ ಕಾರಿನಲ್ಲಿ ಇಡುತ್ತಿದ್ದ ಅಗ್ನಿಶಾಮಕ ಈಗಿನಂತೆ ಕೆಂಪು ಸಿಲಿಂಡರ್ ಅಲ್ಲ. ಮೊಣಕೈಯಷ್ಟು ಉದ್ದದ ಹಿತ್ತಾಳೆಯ ಕೊಳವೆ. ಒಂದು ತುದಿಗೆ ಹಿಡಿಕೆ, ಇನ್ನೊಂದು ತುದಿಗೆ ಸಣ್ಣ ತೂತು. ಹಿಡಿಕೆ ತಿರುಗಿಸಿ, ಜಗ್ಗಿ ದೂಡಿದರೆ ಒಳಗಿನ ಔಷಧ ಚಿಮ್ಮುತ್ತಿತ್ತು. ಹೋಳಿಹಬ್ಬದ ಪಿಚಕಾರಿಯಂತೆಯೇ ಇದ್ದುದರಿಂದ ನಮ್ಮ ಕಡೆ ಅದಕ್ಕೆ ಪಿಚಕಾರಿ ಎಂದೇ ಹೆಸರು ಬಿತ್ತು.

ಆ ಔಷಧ ನೋಡಲು ನೀರಿನಂತೆ. ಆದರೆ ನೀರಿಗಿಂತ ಭಾರ, ಒಂಥರಾ ಸಿಹಿ ವಾಸನೆ. ಅಂಗೈಯ ಮೇಲೆ ಹನಿ ಬಿಟ್ಟರೆ ತಣ್ಣಗೆ ಅನಿಸಿ ನೋಡನೋಡುತ್ತಲೇ ಆರಿಹೋಗುತ್ತದೆ. ಪೆಟ್ರೋಲಿನ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೇರಿ ಹರಡುತ್ತದೆ. ಈ ಔಷಧ ಹಾಕಿದರೆ ಆರುತ್ತದೆ. ಅದರ ಆವಿ ಮಾತ್ರ ಬಹಳ ಕೆಟ್ಟದ್ದು. ಮುಚ್ಚಿದ ಜಾಗದಲ್ಲಿ ಉಸಿರಿಗೆ ಹೋದರೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಹೆಚ್ಚಾದರೆ ಜೀವಕ್ಕೇ ಕುತ್ತು. ಮುಂದೆ ಅದರ ಬಳಕೆಯನ್ನೇ ಬಿಟ್ಟರು. ಒಳ್ಳೆಯದೇ ಆಯಿತು.

ನಮ್ಮ ಗ್ಯಾರೇಜಿನ ಮಾಲಕರು ಶಂಕ್ರಪ್ಪನವರು. ನನಗೆ ಕೆಲಸ ಕಲಿಸಿದವರು, ಕಲಿಸುವಾಗ ನಟ್ಟು ಬಿಚ್ಚುವ ಪಾನಾ ಎಸೆದವರು ಎಲ್ಲ ಅವರೇ. "ಗಾಡೀ ಮಾಲಕ ಹೇಳಿದ್ದ ಕೇಳಬ್ಯಾಡ, ಡ್ರೈವರ ಹೇಳಿದ್ದ ಕೇಳಬ್ಯಾಡ, ನಾ ಹೇಳಿದ್ದೂ ಕೇಳಬ್ಯಾಡ. ಬಿಚ್ಚಿ ನೋಡು" ಎನ್ನುತ್ತಿದ್ದರು. ಒಮ್ಮೆ ಬೀಳಗಿ ಕಡೆಯ ಒಂದು ಬಸ್ಸಿನಲ್ಲಿ ಪಿಚಕಾರಿ ಥಳಥಳ ಹೊಳೆಯುತ್ತಿತ್ತು. ನಾನು ಹೊಗಳಿದೆ. ಶಂಕ್ರಪ್ಪನವರು ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಒಂದು ಹನಿ ಇಲ್ಲ. ತಪಾಸಣೆಯ ದಿನ ತೋರಿಸುವುದಕ್ಕೆಂದು ಆ ಮಾಲಕ ಒಂದೇ ಪಿಚಕಾರಿಯನ್ನು ತನ್ನ ಎಲ್ಲ ಬಸ್ಸುಗಳಿಗೂ ಸರದಿಯ ಮೇಲೆ ಕೂಡಿಸುತ್ತಿದ್ದ. "ಹೊಗಳೂದು ಮುಗೀತೇನಪಾ?" ಎಂದು ಶಂಕ್ರಪ್ಪನವರು ಕೇಳಿದಾಗ ಭೂಮಿ ಬಾಯಿಬಿಡಬಾರದೇ ಅನಿಸಿತ್ತು.

ಮುಧೋಳದ ಒಬ್ಬರು ಇನ್ನೂ ಜಾಣರು. ಹಿತ್ತಾಳೆ ಸಾಮಾನು, ಕಳುವಾಗುತ್ತದೆ ಎಂದು ಪಿಚಕಾರಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಕೀಲಿ ಎಲ್ಲಿ ಎಂದು ಕೇಳಿದೆ. "ಮನ್ಯಾಗ ತಿಜೋರ್ಯಾಗ ಐತಿ, ಭದ್ರ ಐತಿ" ಎಂದರು. ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದೆ. ಅವರು ನನ್ನನ್ನೇ ಅನುಮಾನದಿಂದ ನೋಡಿ, "ನಿನಗ್ಯಾಕ ಬೇಕ ಕೀಲಿ?" ಎಂದರು.

ಹೊಸಬರಿಗೆ ನಾನು ಹೇಳುವುದು ಇಷ್ಟು. ಸಿಲಿಂಡರೋ ಪಿಚಕಾರಿಯೋ, ಅದನ್ನು ಡಿಕ್ಕಿಯಲ್ಲಿ ಸಾಮಾನಿನ ಕೆಳಗೆ ಇಡಬೇಡಿ, ಬೆಂಕಿ ಕಾಯುತ್ತ ಕೂಡುವುದಿಲ್ಲ. ಇಂಜಿನ್ನಿನ ಹತ್ತಿರ ಇಡಬೇಡಿ, ಬೆಂಕಿ ಹುಟ್ಟುವುದೇ ಅಲ್ಲಿ. ಡ್ರೈವರನ ಸೀಟಿನ ಕೆಳಗಿನ ಹಲಗೆಗೆ, ಬಾಗಿಲ ಮಗ್ಗುಲಿಗೆ ಕೂಡಿಸಿ. ಕುಳಿತರೂ ಸಿಗಬೇಕು, ಕೆಳಗೆ ಇಳಿದು ನಿಂತರೂ ಸಿಗಬೇಕು. ನಮ್ಮ ರಸ್ತೆಯ ಕುಣಿಗಳಿಗೆ ಅದು ಜಾರಿ ಬ್ರೇಕಿನ ಕೆಳಗೆ ಹೋಗಬಾರದು, ಆದರೆ ಒಂದೇ ಕೈಯಿಂದ ಕಿತ್ತುಕೊಳ್ಳಲು ಬರಬೇಕು. ಕೂಡಿಸಿದ ಮೇಲೆ ನೀವೇ ಕುಳಿತು, ಕಣ್ಣು ಮುಚ್ಚಿ, ಕೈ ಚಾಚಿ ನೋಡಿ. ಆಮೇಲೆ ಒಳಗೆ ಏನಿದೆ ಎಂದು ತೂಗಿ, ಅಲ್ಲಾಡಿಸಿ ನೋಡಿ. ಬನಹಟ್ಟಿಯ ಗುರುಲಿಂಗಪ್ಪ ಸಾವ್ಕಾರರ ಗಾಡಿಯಲ್ಲಿ ಎಲ್ಲವನ್ನೂ ಹೀಗೆಯೇ ಮಾಡಿದ್ದೆ. ಆದರೂ ಒಬ್ಬ ಮನುಷ್ಯನ ಬದುಕು ಅದರಿಂದ ಹಾಳಾಗುವುದರಲ್ಲಿತ್ತು.

ಸಾವ್ಕಾರರು ಸೀರೆ ವ್ಯಾಪಾರಿಗಳು. ರಬಕವಿ, ಬನಹಟ್ಟಿಯ ನೇಕಾರರ ಸೀರೆಗಳನ್ನು ಕೊಂಡು ಗಂಟು ಕಟ್ಟಿ ಜಮಖಂಡಿ, ಮುಧೋಳಕ್ಕೆ ತಮ್ಮ ಮೋಟಾರಿನಲ್ಲೇ ಒಯ್ಯುತ್ತಿದ್ದರು. ಡ್ರೈವರ್ ಬೀರಪ್ಪ ರನ್ನ ಬೆಳಗಲಿಯವನು. ಅವನ ಮನೆಯವರೆಲ್ಲ ಕುರಿ, ಹೊಲ ನೋಡಿಕೊಂಡಿದ್ದವರು. ಸ್ಟೇರಿಂಗ್ ಹಿಡಿದವನು ಅವರ ಪೈಕಿ ಇವನೊಬ್ಬನೇ. ದಿನಾ ಬೆಳಿಗ್ಗೆ ಬೀರದೇವರ ಭಂಡಾರದ ಅರಿಷಿಣ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಸ್ಟೇರಿಂಗಿಗೂ ಹಚ್ಚಿ ಗಾಡಿ ಏರುತ್ತಿದ್ದ. ಒಮ್ಮೆ ಪಿಚಕಾರಿಯ ಬಾಯಿಗೂ ಅರಿಷಿಣ ಮೆತ್ತಿದ್ದ. "ದೇವರಿಗೆ ಹಚ್ಚು, ತೂತಿಗೆ ಹಚ್ಚಬ್ಯಾಡೋ ಮಾರಾಯಾ" ಎಂದು ನಾನು ಸೂಜಿಯಿಂದ ಕೆದರಿ ತೆಗೆದಿದ್ದೆ.

ಪಿಚಕಾರಿ ಕೂಡಿಸಿದ ದಿನ ಔಷಧ ತುಂಬುವಾಗ ಒಂದಿಷ್ಟು ಚೆಲ್ಲಿ ಸಾವ್ಕಾರರ ಧೋತರದ ಮೇಲೆ ಬಿತ್ತು. ಅಲ್ಲಿ ಗ್ಯಾರೇಜಿನ ಗ್ರೀಸು ಹತ್ತಿತ್ತು. ಒರೆಸಿದರೆ ಗ್ರೀಸಿನ ಕಲೆಯೇ ಮಾಯ. ಸಾವ್ಕಾರರಿಗೆ ಬೆಂಕಿ ಆರಿಸುವುದಕ್ಕಿಂತ ಇದೇ ದೊಡ್ಡ ಸಂಗತಿ ಆಯಿತು. "ಏ ಭಲೇ! ಅಗಸಗ ರಜಾ ಕೊಡಬೌದಲ್ಲೋ ಮಿಸ್ತ್ರಿ!" ಎಂದು ಧೋತರ ಎತ್ತಿ ಎತ್ತಿ ಎಲ್ಲರಿಗೂ ತೋರಿಸಿದರು.

ಕೆಲವು ವಾರಗಳ ಮೇಲೆ ಗಾಡಿ ಬಂದಾಗ ಅಲ್ಲಾಡಿಸಿ ನೋಡಿದೆ. ಪಿಚಕಾರಿ ಅರ್ಧ ಖಾಲಿ. ಬೀರಪ್ಪನನ್ನು ಕೇಳಿದರೆ, "ನಾ ಮುಟ್ಟೇ ಇಲ್ರಿ" ಎಂದ. ನಾನು ಅವನ ಎರಡೂ ಕೈ ಹಿಡಿದು ಮೂಸಿದೆ. ತಂಬಾಕು ಮತ್ತು ಪೆಟ್ರೋಲಿನ ವಾಸನೆ ಬಿಟ್ಟರೆ ಬೇರೆ ಏನಿಲ್ಲ. ಮತ್ತೆ ತುಂಬಿ, ಔಷಧ ಹಾಕುವ ಬಾಯಿಯ ಮುಚ್ಚಳ ಬಿಗಿದು, ಮುಚ್ಚಳಕ್ಕೂ ಕೊಳವೆಗೂ ಸೇರಿಸಿ ಉಗುರಿನಷ್ಟು ಒಂದು ಗೀರು ಎಳೆದೆ. ಯಾರಾದರೂ ಬಿಚ್ಚಿ ಮುಚ್ಚಿದರೆ ಗೀರಿಗೆ ಗೀರು ಕೂಡುವುದು ಕಷ್ಟ. ಈ ಗೀರಿನ ಮಾತನ್ನು ಯಾರಿಗೂ ಹೇಳಲಿಲ್ಲ. ಸಾವ್ಕಾರರು ಮಾತ್ರ ನನ್ನನ್ನು ಬದಿಗೆ ಕರೆದು, "ಇಂವಾ ಅದನ್ನ ಯಾರಿಗೋ ಮಾರಾಕತ್ತಾನ. ಕುರಿ ಹಿಂದ ತಿರಗಾಂವಗ ಮೋಟಾರ ಕೊಟ್ಟದ್ದು ನಂದ ತಪ್ಪು" ಎಂದರು.

ಮುಂದೆ ಒಂದು ದಿನ ಬೆಳಿಗ್ಗೆ ಪೊಲೀಸ್ ಚೌಕಿಯಿಂದ ನನಗೆ ಬುಲಾವ್ ಬಂತು. ಹೋದರೆ ಸಾವ್ಕಾರರ ಮೋಟಾರು ಹೊರಗೆ ನಿಂತಿದೆ. ಒಳಗೆ ಬೀರಪ್ಪ ಗೋಡೆಗೆ ಅಂಟಿಕೊಂಡು ನಿಂತಿದ್ದಾನೆ. ಫೌಜದಾರರ ಟೇಬಲ್ಲಿನ ಮೇಲೆ ಪಿಚಕಾರಿ ಮಲಗಿದೆ, ಅದರ ಮಗ್ಗುಲಿಗೆ ಬೀರಪ್ಪನ ಲೈಸೆನ್ಸು. ಊರ ಬಾಯಿಯಲ್ಲಿ ಗಾಡಿ ತಡೆದ ಪೇದೆಗೆ ಪಿಚಕಾರಿಯಿಂದ ಸಿಹಿ ಸಿಹಿ ವಾಸನೆ ಬಂದಿತ್ತಂತೆ. ದಾರೂ ಸಾಗಿಸುವ ಹೊಸ ಹಿಕಮತ್ತು ಸಿಕ್ಕಿತೆಂದು ಅವನಿಗೆ ಬಹಳ ಖುಷಿ. ಮೋಟಾರು ಜಪ್ತಿಯಾದೀತೆಂದು ಅಲ್ಲೇ ಕುಳಿತಿದ್ದ ಸಾವ್ಕಾರರಿಗೆ ಭಯ. ಕೇಳುವ ಮೊದಲೇ ಹೇಳಿಬಿಟ್ಟಿದ್ದರು: "ನನಗೇನೂ ಗೊತ್ತಿಲ್ರಿ. ಅದು ಅಂವನ ಕಾಲಬುಡಕ ಇರ್ತೈತಿ."

ನಾನು ಮೊದಲು ಗೀರು ನೋಡಿದೆ. ಮುಚ್ಚಳದ ಗೀರು ಒಂದು ಕಡೆ, ಕೊಳವೆಯ ಗೀರು ಒಂದು ಕಡೆ. ಬಿಚ್ಚಿ ಅಂಗೈಗೆ ಒಂದು ಹನಿ ಬಿಟ್ಟೆ. ಆರಲಿಲ್ಲ, ಅಲ್ಲೇ ಕುಳಿತಿತ್ತು. ಪಿಚಕಾರಿಯ ಬಾಯಿಯ ಒಳಗೆ ಹಸಿರು ಕಿಲುಬು ಬೇರೆ. "ಇದು ದಾರೂ ಅಲ್ರಿ, ನೀರು. ವಾಸನೆ ಹಳೇ ಔಷಧದ್ದು" ಎಂದೆ.

"ನೀರ? ನೀರ ಯಾಕ ಹಾಕ್ತಾರ? ಹಂಗಾದ್ರ ಔಷಧ ಎಲ್ಲಿ ಹೋತು?" ಎಂದು ಫೌಜದಾರರು ನನ್ನನ್ನೇ ದಿಟ್ಟಿಸಿದರು. ನಾನೂ ಸೇರಿಯೇ ಮಾರಿದ್ದೇನೆ ಅನ್ನುವಂಥ ನೋಟ. ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ನೋಡುತ್ತಿದ್ದೆ.

ದಾರೂ ಅಲ್ಲ ಎಂದದ್ದೇ ತಡ, ಸಾವ್ಕಾರರಿಗೆ ಧೈರ್ಯ ಬಂತು. "ಎಲ್ಲಿ ಹೋಗ್ತೈತ್ರಿ? ಇಂವನ ಮಾರ್ಯಾನ. ಗೊತ್ತಾಗಬಾರ್ದಂತ ನೀರು ತುಂಬ್ಯಾನ. ನಾಳೆ ಬೆಂಕಿ ಬಿದ್ದಿದ್ರ ನಾ ಸುಟ್ಟ ಸಾಯ್ತಿದ್ನಿ. ಕಳ್ಳ ಅಂತ ಬರಕೋರಿ" ಎಂದರು.

ಬೀರಪ್ಪ ಒಮ್ಮೆಲೇ ಮುಂದೆ ಬಂದ. "ಧಣೇರ, ಬೀರದೇವರ ಭಂಡಾರದ ಆಣಿ, ನಾ ತಗದಿಲ್ರಿ. ನನ್ನ ಹೊಡೀರಿ, ಕೆಲಸಾ ಬಿಡಸ್ರಿ, ಕಳ್ಳ ಅನಬ್ಯಾಡ್ರಿ. ಈ ಲೈಸನ್ ಹೋದ್ರ ನನಗ ಯಾರು ಗಾಡಿ ಕೊಡ್ತಾರ್ರಿ? ಊರಾಗ ಹೆಂಗ ಮಾರಿ ತೋರಸ್ಲಿ?" ಎಂದು ಅಳತೊಡಗಿದ. ಗಟ್ಟಿಮುಟ್ಟು ಆಳು ಹಾಗೆ ಅಳುವುದನ್ನು ನೋಡಿ ಅಯ್ಯೋ ಅನಿಸಿತು. ಹಾಗಂತ ನಂಬಿದೆನೇ? ಇಲ್ಲ. ಕಳ್ಳರೂ ಅಳುತ್ತಾರೆ. ಆದರೆ ಒಂದು ಮಾತು ನನಗೆ ಹೊಂದಲಿಲ್ಲ. ಪೆಟ್ರೋಲಿನ ಬೆಂಕಿಗೆ ನೀರು ಹಾಕಬಾರದೆಂದು ನಾನೇ ಅವನಿಗೆ ತಗಡಿನಲ್ಲಿ ಬೆಂಕಿ ಹಚ್ಚಿ ತೋರಿಸಿದ್ದೆ. ಬೆಂಕಿ ಬಿದ್ದರೆ ಮೊದಲು ಸುಡುವುದು ಡ್ರೈವರನ ಕಾಲು. ತನ್ನ ಕಾಲ ಕೆಳಗೆ ತಾನೇ ನೀರು ತುಂಬಿಡುವಷ್ಟು ಹುಚ್ಚನೇ ಇವನು?

ಫೌಜದಾರರು ಲೈಸೆನ್ಸನ್ನು ಡ್ರಾವರಿನಲ್ಲಿ ಹಾಕಿ, ಸಂಜೆಯವರೆಗೆ ಇಲ್ಲೇ ಕೂತಿರು ಎಂದು ಬೀರಪ್ಪನಿಗೆ ಹೇಳಿದರು. ಗಾಡಿ ಹೊಡೆಯಲು ಬೇರೆ ಯಾರೂ ಇರಲಿಲ್ಲ. ಸಾವ್ಕಾರರನ್ನು ಬನಹಟ್ಟಿಗೆ ಮುಟ್ಟಿಸಲು ನಾನೇ ಹೊರಟೆ.

ದಾರಿಯಲ್ಲಿ ಸಾವ್ಕಾರರು ಔಷಧದ ಅಂಗಡಿ ಎದುರಿಗೆ ಗಾಡಿ ನಿಲ್ಲಿಸಲು ಹೇಳಿ ಗುಳಿಗೆ ಕೊಂಡರು. "ನಮ್ಮಕ್ಕಗ ತಲೀ ಶೂಲಿ. ಒಮ್ಮೊಮ್ಮೆ ವಾಂತಿನೂ ಆಕ್ಕೈತಿ" ಎಂದರು. ಅಕ್ಕ ಎಂದರೆ ಗಂಗವ್ವ. ಗಂಡ ತೀರಿದ ಮೇಲೆ ತವರಿಗೆ ಬಂದವರು. ನೇಕಾರರು ತಂದ ಸೀರೆಗಳನ್ನು ನೋಡಿ, ಮಡಚಿ, ಗಂಟು ಕಟ್ಟಿಸುವ ಕೆಲಸವೆಲ್ಲ ಅವರದೇ.

ತಲೆಶೂಲೆ, ವಾಂತಿ ಎಂದಾಗ ನನ್ನ ಕಿವಿ ನೆಟ್ಟಗಾಯಿತು. "ದಿನಾ ಇರ್ತೈತೇನ್ರಿ?" ಎಂದೆ.

"ದಿನಾ ಇಲ್ಲಪಾ. ಮಾಲು ಕಳಸೂ ಹಿಂದಿನ ದಿವಸ ಹೆಚ್ಚು. ಕೆಲಸದ ಗಡಿಬಿಡಿ."

ನಾನು ಗಾಡಿಯನ್ನು ಸ್ವಲ್ಪ ಜೋರಾಗಿ ಬಿಟ್ಟೆ.

ಬನಹಟ್ಟಿ ಮುಟ್ಟಿ, ಕುಡಿಯಲು ನೀರು ಬೇಕೆಂಬ ನೆಪ ಹೇಳಿ ಸಾವ್ಕಾರರ ಹಿಂದೆಯೇ ಮನೆಯೊಳಗೆ ಹೋದೆ. ಸೀರೆ ಇಡುವ ಕೋಣೆಯ ಬಾಗಿಲು ಸರಿಸಿದ್ದೇ ಅದೇ ಸಿಹಿ ವಾಸನೆ ಮುಖಕ್ಕೆ ಬಡಿಯಿತು. ದೂಳು ಬರಬಾರದೆಂದು ಕಿಟಕಿ ಮುಚ್ಚಿತ್ತು. ಗಂಗವ್ವ ಮಡಿಲಲ್ಲಿ ಕೆಂಪಂಚಿನ ಸೀರೆ ಹರವಿಕೊಂಡು, ಬಾಟಲಿಯಿಂದ ಅರಳೆಗೆ ಹನಿಸಿ, ಮಗ್ಗದ ಎಣ್ಣೆ ಕಲೆಯನ್ನು ಮೆಲ್ಲಗೆ ತಿಕ್ಕುತ್ತಿದ್ದರು.

ನಾನು ಮೊದಲು ಕಿಟಕಿ ತೆರೆದೆ. ಅವರು ಗಾಬರಿಯಾಗಿ ಸೆರಗು ಎಳೆದುಕೊಂಡರು. "ಹೊರಗ ಬರ್ರಿ ಅಕ್ಕಾರ, ಇದರ ಗಾಳಿ ವಿಷ. ನಿಮ್ಮ ತಲೀಶೂಲಿ ಇದರದ" ಎಂದು ಪಡಸಾಲೆಗೆ ಕರೆತಂದು, "ಇದನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದೆ.

ಅವರು ಮುಚ್ಚುಮರೆ ಮಾಡಲೇ ಇಲ್ಲ. "ನಮ್ಮ ಮೋಟಾರದಾಗಿಂದರೀ. ಗ್ರೀಸ ಹೋತು ಅಂತ ನನ್ನ ತಮ್ಮಾ ಧೋತರ ತೋರಿಸಿದ್ದ. ಸೀರಿಗೆ ಎಣ್ಣಿ ಡಾಗು ಬಿದ್ರ ಇಂವಾ ನೇಕಾರ್ರ ಮಜೂರಿ ಮುರೀತಾನ್ರಿ. ಪಾಪ, ಅವರ ಹೆಂಡ್ರು ಬಂದು ನನ್ನ ಮುಂದ ಕಣ್ಣೀರ ಹಾಕ್ತಾರ. ಬೀರಪ್ಪ ಉಣ್ಣಾಕ ಕುಂತಾಗ ನಾನ ಬಿಚ್ಚಿ ತಕ್ಕೊಂಡೇನಿ."

"ನೀರು?"

"ಖಾಲಿ ಇಡಬಾರ್ದಲ್ರಿ, ಅದಕ್ಕ ನಾನ ತುಂಬೇನಿ. ಸೋಸಿದ ನೀರರೀ, ಹೊಲಸ ಇಲ್ಲ. ಬೆಂಕಿ ಆರಸೂದು ನೀರ ಅಲ್ಲೇನ್ರಿ ಮತ್ತ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾವು ಮಾಡಿದ್ದರಲ್ಲಿ ತಪ್ಪೇನಿದೆ ಎಂದು ಅವರಿಗೆ ಅನಿಸಿರಲೇ ಇಲ್ಲ. ಚೌಕಿಯಲ್ಲಿ ನಡೆದದ್ದನ್ನು ಹೇಳಿದೆ. ಬೀರಪ್ಪನಿಗೆ ಕಳ್ಳ ಎಂಬ ಹೆಸರು ಬಂದಿದೆ, ಲೈಸೆನ್ಸು ಹೋಗುತ್ತದೆ ಎಂದಾಗ ಅವರ ಮುಖ ಬಿಳಿಚಿಕೊಂಡಿತು.

ಸಾವ್ಕಾರರು ಹೊರಬಾಗಿಲು ಮುಚ್ಚಿ ಬಂದರು. "ಅಕ್ಕಾ, ನೀ ಒಳಗ ನಡಿ. ಮಿಸ್ತ್ರಿ, ಆದದ್ದು ಆತು. ಮನೀ ಹೆಣಮಗಳ ಹೆಸರು ಚೌಕಿಗೆ ಹೋಗಬಾರದು. ಬೀರ್ಯಾಗ ಬ್ಯಾರೆ ಎಲ್ಲ್ಯಾರ ಕೆಲಸಾ ಹಚ್ಚಿದ್ರಾತು. ನೀನೂ ಬಾಯಿ ಮುಚಗೊಂಡಿರು" ಎಂದರು.

ನನಗೆ ಉರಿದುಹೋಯಿತು. "ಸಾವ್ಕಾರ್ರ, ಕಲೆ ಹೋಗ್ತೈತಂತ ನಿಮಗ ಗೊತ್ತಿತ್ತು. ಮನಿ ತುಂಬ ಡಾಗಿನ ಸೀರಿ ಅದಾವು. ನೇಕಾರ್ರು ತಂದ ಡಾಗು ನಿಮ್ಮ ಗಂಟಿನಾಗ ಹೆಂಗ ಮಾಯ ಆಗತೈತಂತ ಒಂದ ದಿನಾ ಸಂಶೇ ಬರಲಿಲ್ಲೇನ್ರಿ? ನಾನೂ ಬೀರಪ್ಪನ ಕೈ ಮೂಸಿದೆ. ಆದ್ರ ನನ್ನ ಸಂಶೇ ಅಲ್ಲೇ ನಿಲ್ಲಲಿಲ್ಲ. ನಿಮ್ಮದು ಅಲ್ಲೇ ಯಾಕ ನಿಂತು?" ಎಂದೆ. ಸಾವ್ಕಾರರಿಗೆ ಮೊದಲೇ ಗೊತ್ತಿತ್ತೋ ಏನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಗಂಗವ್ವ ಕೋಣೆಗೆ ಹೋಗಿ ಬಾಟಲಿ ಮತ್ತು ಅರ್ಧ ತಿಕ್ಕಿದ ಆ ಸೀರೆ ತಂದರು. ತಲೆಯ ಮೇಲಿನ ಸೆರಗು ಬಿಗಿ ಮಾಡಿ, "ಗಾಡೀ ತಿರಗಸ್ರಿ ಮಿಸ್ತ್ರಿಯವರ" ಎಂದರು.

"ಅಕ್ಕಾ, ಮಂದಿ ಏನಂದಾರು!" ಎಂದು ಸಾವ್ಕಾರರು ಅಡ್ಡ ಬಂದರು.

"ನನಗೇನಂತಾರೋ ನಾ ಕೇಳಸ್ಕೋತೀನಿ. ಅಂವಾ ಯಾಕ ಕೇಳಸ್ಕೋಬೇಕು? ಸರಿ ಅತ್ತಾಗ" ಎಂದು ಅವರು ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. ಬೇರೆ ದಾರಿ ಇಲ್ಲದೆ ಸಾವ್ಕಾರರೂ ಹತ್ತಿದರು. ಬಾಟಲಿಯ ಬಿರಡೆ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ, ಎಲ್ಲ ಕಿಟಕಿ ಇಳಿಸಿ ನಾನು ಗಾಡಿ ತಿರುಗಿಸಿದೆ.

ಚೌಕಿಯ ಕಟ್ಟೆಯ ಮೇಲೆ ಬೀರಪ್ಪ ಹಾಗೇ ಕುಳಿತಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಗಂಗವ್ವ ಅವನನ್ನು ದಾಟಿ ನೆಟ್ಟಗೆ ಒಳಗೆ ಹೋಗಿ, "ಔಷಧ ತಗದಾಕಿ ನಾನ್ರಿ. ನೀರ ಹಾಕಿದಾಕಿನೂ ನಾನ. ಬರಕೋರಿ" ಎಂದರು.

ಫೌಜದಾರರು ಸುಲಭಕ್ಕೆ ನಂಬುವವರಲ್ಲ. "ಡ್ರೈವರನ್ನ ಉಳಸಾಕ ಯಾರ ಹೇಳಿ ಕಳಿಸ್ಯಾರವ್ವಾ?" ಎಂದು ನನ್ನ ಕಡೆಗೂ ಸಾವ್ಕಾರರ ಕಡೆಗೂ ನೋಡಿದರು. ಗಂಗವ್ವ ಟೇಬಲ್ಲಿನ ಮೇಲೆ ಸೀರೆ ಹರವಿ, ಅರಳೆ ಒದ್ದೆ ಮಾಡಿ, ಉಳಿದರ್ಧ ಕಲೆಯನ್ನು ಅವರ ಕಣ್ಣೆದುರಿಗೇ ತಿಕ್ಕಿ ತೆಗೆದರು. ಫೌಜದಾರರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಪಿಚಕಾರಿಯನ್ನೂ ಮೂಸಿದರು. ಆಮೇಲೆ ತಮ್ಮ ಖಾಕಿ ತೋಳನ್ನು ಮುಂದೆ ಮಾಡಿ, "ಇದು ಸೈಕಲ್ ಚೈನಿಂದು. ಹೋಕ್ಕೈತೇನ್ರಿ?" ಎಂದು ಕೇಳಿದರು. ಬಾಗಿಲಲ್ಲಿದ್ದ ಪೇದೆ ಕಿಸಕ್ಕನೆ ನಕ್ಕ. ಬೀರಪ್ಪನಿಗೆ ಮಾತ್ರ ನಗು ಬರಲಿಲ್ಲ.

ಲೈಸೆನ್ಸು ಅವನ ಕೈಗೆ ಬಂತು. ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಹೊರಗೆ ಬಂದ ಮೇಲೆ ಸಾವ್ಕಾರರು ಏನೂ ಆಗಿಲ್ಲ ಎಂಬಂತೆ ಕೀಲಿ ಚಾಚಿ, "ನಡಿಯೋ ಬೀರಪ್ಪ, ಅಕ್ಕನ್ನ ಮನೀಗೆ ಬಿಡೂಣು" ಎಂದರು. ಬೀರ್ಯಾ ಹೋಗಿ ಬೀರಪ್ಪ ಆಗಿದ್ದನ್ನು ನಾನು ಗಮನಿಸಿದೆ. ಅವನು ಕೀಲಿ ತೆಗೆದುಕೊಂಡು ಗಂಗವ್ವನಿಗೆ ಹಿಂದಿನ ಬಾಗಿಲು ತೆರೆದ. ಪಿಚಕಾರಿಯನ್ನು ಒರೆಸಿ ಹೊಸ ಔಷಧ ತುಂಬಿ ಕೂಡಿಸಬೇಕಿದ್ದರಿಂದ ನಾನೂ ಡಬ್ಬಿ ಹಿಡಿದು ಜೊತೆಗೆ ಹೊರಟೆ. ಅಷ್ಟು ಹಗುರಾಗಿ, ಅಷ್ಟು ಚೊಕ್ಕಾಗಿ ಬೀರಪ್ಪ ಗಾಡಿ ಹೊಡೆದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಮನೆ ಮುಂದೆ ಇಳಿದವನೇ ಅವನು ಕೀಲಿಯನ್ನು ಗಂಗವ್ವನ ಕೈಗೆ ಕೊಟ್ಟ. "ಅಕ್ಕಾರ, ನಿಮ್ಮನ್ನ ಮುಟ್ಟಸೂದಿತ್ತು, ಮುಟ್ಟಿಸಿದೆ. ಇನ್ನ ಈ ಗಾಡಿ ನಾ ಹೊಡಿಯಾಂಗಿಲ್ರಿ."

"ಯಾಕೋ? ಎಲ್ಲಾ ಬಗೀಹರೀತಲ್ಲ? ಪಗಾರ ಹೆಚ್ಚ ಮಾಡ್ತೀನಿ ಬಾ" ಎಂದರು ಸಾವ್ಕಾರರು.

"ಮಿಸ್ತ್ರಿಯವರೂ ನನ್ನ ಕೈ ಮೂಸಿದ್ರು ಧಣೇರ, ಅದಕ್ಕ ಸಿಟ್ಟಿಲ್ಲ. ಅವರು ಕೇಳಿದ್ರು. ನೀವು ಕೇಳಲೇ ಇಲ್ಲ" ಎಂದು ಬೀರಪ್ಪ ನಮಸ್ಕಾರ ಮಾಡಿ ರಬಕವಿಯ ರಸ್ತೆ ಹಿಡಿದ.

ಸಾವ್ಕಾರರು ನನ್ನ ಕಡೆ ತಿರುಗಿ, "ಇವನ ಸೊಕ್ಕ ನೋಡಿದೇನ? ನಾಳೆ ಮಾಲು ಒಯ್ಯೂದೈತಿ. ಇನ್ನ ನಂಬಿಗಸ್ತ ಡ್ರೈವರನ್ನ ಎಲ್ಲಿ ಹುಡುಕಲಿ?" ಎಂದರು.

ಗಂಗವ್ವ ಕೀಲಿಯನ್ನು ಅವರ ಅಂಗೈಯಲ್ಲಿ ಇಟ್ಟರು. "ಅಲ್ಲಿ ಹೊಂಟಾನಲ್ಲ, ನಂಬಿಗಸ್ತ. ನಡಕೋತ ಹೋಗಿ ಕರಕೊಂಡ ಬಾ."